ಕೂಗಲಾರದ ಗಂಟಲು

ಆಕೆ ಕೆಮ್ಮಿದಾಗ ಸದ್ದು ಬಂತು. ಮಾತಾಡಿಸಿದರೆ ಬರೀ ಗಾಳಿ. ಕೆಮ್ಮಿದರೆ ಮಾತ್ರ ಯಾವ ಕಾಯಿಲೆಯೂ ಇಲ್ಲದ ಗಂಟಲಿನ ಗಟ್ಟಿ ಕೆಮ್ಮು. ನಮ್ಮ ಆಸ್ಪತ್ರೆಯ ಕಿವಿ-ಮೂಗು-ಗಂಟಲಿನ ಡಾಕ್ಟರು ಕತ್ತೆತ್ತಿ ನನ್ನ ಕಡೆ ನೋಡಿದರು. ಇದು ನಿಮ್ಮ ಪಾಲಿನದು ಎನ್ನುವ ನೋಟ ಅದು.

ಮಡಿಕೇರಿಯ ಆ ಸಣ್ಣ ಆಸ್ಪತ್ರೆಯಲ್ಲಿ ನಾನು ವಾಕ್ ಚಿಕಿತ್ಸಕಿ. ಮಾತು ತಡವಾದ ಮಕ್ಕಳು, ಪಾರ್ಶ್ವವಾಯು ಬಡಿದು ನಾಲಿಗೆ ತೊದಲುವವರು, ಪಾಠ ಮಾಡಿ ಮಾಡಿ ದನಿ ಒಡೆದುಕೊಂಡ ಮೇಷ್ಟ್ರುಗಳು ನನ್ನ ಹತ್ತಿರ ಬರುತ್ತಾರೆ. ಈಕೆ ಬಂದದ್ದು ಕೊಡ್ಲಿಪೇಟೆ ಕಡೆಯಿಂದ, ಮಳೆ ಹಿಡಿಯುವ ಹೊತ್ತಿಗೆ. ಮೂವತ್ತರ ಆಸುಪಾಸಿನ ಹೆಂಗಸು. ಜೊತೆಗೆ ಅತ್ತೆ ಮತ್ತು ಮೈದುನ. ಹಿಂದಿನ ಕರಿಮೆಣಸಿನ ಕೊಯ್ಲಿನಲ್ಲಿ ಆಕೆಯ ಗಂಡ ತೀರಿಕೊಂಡಿದ್ದ. ಅಲ್ಯೂಮಿನಿಯಂ ಏಣಿಯನ್ನು ಬಳ್ಳಿ ಹಬ್ಬಿದ ಒಂದು ಸಿಲ್ವರ್ ಓಕ್ ಮರದಿಂದ ಇನ್ನೊಂದಕ್ಕೆ ಸಾಗಿಸುವಾಗ ಏಣಿಯ ತುದಿ ಮೇಲಿನ ಕರೆಂಟ್ ಲೈನಿಗೆ ತಗುಲಿತ್ತು. ನಮ್ಮ ಜಿಲ್ಲೆಯಲ್ಲಿ ಕೊಯ್ಲಿನ ಕಾಲದಲ್ಲಿ ಕೇಳಿಬರುವ ಸಾವು ಅದು. ತಿಥಿ ಮುಗಿಯುವ ಮೊದಲೇ ಆಕೆಯ ದನಿ ಹೋಗಿತ್ತು. ಅತ್ತು ಅತ್ತು ಗಂಟಲು ಕಟ್ಟಿದೆ, ತಾನಾಗಿ ಬಿಡುತ್ತದೆ ಎಂದು ಬಂದವರೆಲ್ಲ ಹೇಳಿದ್ದರಂತೆ.

"ಅತ್ತಿದ್ರೆ ತಾನೆ ಕಟ್ಟಾದು?" ಅಂದರು ಅತ್ತೆ. "ಅಳ್ಲೇ ಇಲ್ಲ ಕಣಮ್ಮ ಇವ್ಳು. ಹೆಣ ಮನೆ ಮುಂದೆ ಇಟ್ಕೊಂಡು ಊರೆಲ್ಲಾ ಗೋಳಾಡ್ತು. ಇವ್ಳು ಕಂಬಕ್ಕೆ ಒರಗ್ಕೊಂಡು ಹಂಗೇ ಕೂತಿದ್ಲು. ಒಂದ್ ಹನಿ ಕಣ್ಣೀರ್ ಹಾಕ್ಲಿಲ್ಲ."

ದೂರುವ ದನಿಯಲ್ಲ ಅದು. ಆಶ್ಚರ್ಯವೇ ಇನ್ನೂ ಇಳಿದಿರಲಿಲ್ಲ.

ಡಾಕ್ಟರು ಮೂಗಿನ ಮೂಲಕ ತೆಳುವಾದ ಕೊಳವೆಯ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಧ್ವನಿತಂತುಗಳು ಎರಡೂ ಬೆಳ್ಳಗೆ, ನುಣ್ಣಗೆ ಇದ್ದವು. ಗಂಟಿಲ್ಲ, ಊತವಿಲ್ಲ, ಒಂದು ಬದಿ ಸೋತಿಲ್ಲ. "'ಈ' ಅನ್ನಿ" ಅಂದಾಗ ಎರಡೂ ಹತ್ತಿರ ಬಂದು, ಇನ್ನೇನು ಮುಟ್ಟಬೇಕು ಅನ್ನುವಷ್ಟರಲ್ಲಿ ನಿಂತುಬಿಡುತ್ತಿದ್ದವು. ನಡುವಿನ ಸಂದಿಯಲ್ಲಿ ಉಸಿರು ಸುಮ್ಮನೆ ಹರಿದು ಹೋಗುತ್ತಿತ್ತು. ಕೆಮ್ಮಿದಾಗ ಮಾತ್ರ ಫಟ್ಟನೆ ಮುಚ್ಚಿಕೊಂಡವು.

ಮೈದುನ ಪರದೆ ನೋಡುತ್ತಾ ನಿಂತಿದ್ದ. "ಎಲ್ಲಾ ಸರಿ ಐತೆ ಅಂತೀರಿ. ಹಂಗಾದ್ರೆ ಅತ್ತಿಗೆ ಬೇಕು ಅಂತ್ಲೇ ಮಾತಾಡ್ತಿಲ್ವಾ ಮೇಡಂ?"

"ಇಲ್ಲ. ಹೆದರಿದಾಗ ಕೈಕಾಲು ನಡುಗುತ್ತವೆ. ಯಾರಾದರೂ ಬೇಕೂಂತ ನಡುಗಿಸ್ತಾರಾ? ಇದೂ ಹಾಗೆಯೇ. ಇವರ ಇಚ್ಛೆಯನ್ನ ಗಂಟಲು ಕೇಳ್ತಾ ಇಲ್ಲ."

ಅವನಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಆಕೆ ನೆಲ ನೋಡುತ್ತಿದ್ದಳು.

ಈ ತೊಂದರೆಯನ್ನು ನಾನು ಮೊದಲೂ ಕಂಡಿದ್ದೆ. ಬಹಳ ಮಂದಿಗೆ ಒಂದೆರಡು ಸಲ ಕೂರಿಸಿಕೊಂಡರೆ ದನಿ ಮರಳುತ್ತದೆ. ಹಾಗಾಗಿ ನಾನು ಧೈರ್ಯವಾಗಿಯೇ ಶುರು ಮಾಡಿದೆ. ಮೊದಲು ಕತ್ತು ಮುಟ್ಟಿ ನೋಡಿದೆ. ಧ್ವನಿಪೆಟ್ಟಿಗೆ ಗಂಟಲಲ್ಲಿ ತನ್ನ ಜಾಗಕ್ಕಿಂತ ಮೇಲೆ ಏರಿ, ದವಡೆಯ ಕೆಳಗೆ ಸಿಕ್ಕಿಸಿಟ್ಟಂತೆ ಬಿಗಿದುಕೊಂಡಿತ್ತು. ಸಾಮಾನ್ಯವಾಗಿ ಅದನ್ನು ಬೆರಳಲ್ಲಿ ಹಿಡಿದು ಅತ್ತಿತ್ತ ಮೆಲ್ಲಗೆ ಅಲ್ಲಾಡಿಸಬಹುದು. ಇಲ್ಲಿ ಮರದ ತುಂಡಿನ ಹಾಗೆ ನಿಂತಿತ್ತು. ನಾಲಿಗೆಯ ಬುಡ ಗಟ್ಟಿ, ಭುಜಗಳು ಕಿವಿಯ ಹತ್ತಿರ. ಅಳುವನ್ನು ನುಂಗುವಾಗ ನಮ್ಮೆಲ್ಲರ ಗಂಟಲೂ ಒಂದು ಗಳಿಗೆ ಹೀಗೆಯೇ ಬಿಗಿಯುತ್ತದೆ. ಈಕೆಯದು ತಿಂಗಳುಗಟ್ಟಲೆ ಸಡಿಲಾಗಿರಲಿಲ್ಲ.

ದವಡೆಯ ಕೆಳಗಿನಿಂದ ಹಿಡಿದು ಧ್ವನಿಪೆಟ್ಟಿಗೆಯ ಎರಡೂ ಬದಿಗೆ ಬೆರಳಿಟ್ಟು, ಸುತ್ತುತ್ತಾ, ಕೆಳಕ್ಕೆ ನೀವುತ್ತಾ ಬಂದೆ. ನೋವಿಗೆ ಆಕೆ ಕಣ್ಣು ಮುಚ್ಚಿಕೊಂಡಳು, ಆದರೆ ಕೈ ತಳ್ಳಲಿಲ್ಲ. ಆಮೇಲೆ ನೀರು ಕೊಟ್ಟು ಗಂಟಲು ಮುಕ್ಕಳಿಸಲು ಹೇಳಿದಾಗ ಗಂಟಲಲ್ಲಿ ಗುಳುಗುಳು ಸದ್ದು ಬಂತು. ಕೆಮ್ಮಿಸಿದೆ. ಕೆಮ್ಮಿನ ಬಾಲಕ್ಕೇ "ಮ್" ಸೇರಿಸಲು ಹೇಳಿದೆ. ಮೊದಲು ಬರಲಿಲ್ಲ. ಬಹಳ ಹೊತ್ತಿನ ಮೇಲೆ ತುಟಿ ಮುಚ್ಚಿದ ಒಂದು ಸಣ್ಣ ಗುನುಗು ಬಂತು. ಆಕೆಯೇ ಬೆಚ್ಚಿಬಿದ್ದಳು. "ಮ್" ಇಂದ "ಮಾ", "ಮಾ" ಇಂದ "ಮನೆ", "ಮಳೆ". ಆ ವಾರದ ಕೊನೆಗೆ ಸೋಮವಾರ, ಮಂಗಳವಾರ ಎಂದು ವಾರದ ಹೆಸರುಗಳನ್ನು ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು. ಬಾಗಿಲ ಹೊರಗೆ ಕೂತಿದ್ದ ಅತ್ತೆ ಒಳಗೆ ಇಣುಕಿ, ನನಗೆ ಕೈಮುಗಿದು ಹೋದರು.

ನಮ್ಮ ಚಿಕಿತ್ಸೆಯಲ್ಲಿ ಮೆಟ್ಟಿಲುಗಳಿವೆ. ಗುನುಗು, ಅಕ್ಷರ, ಪದ, ವಾಕ್ಯ, ಮಾತುಕತೆ. ಕೊನೆಯದು ದೂರದಲ್ಲಿರುವವರನ್ನು ಕೂಗುವುದು. ತೋಟ-ಗದ್ದೆಯ ಬದುಕಿನವರಿಗೆ ಈ ಮೆಟ್ಟಿಲು ಮುಖ್ಯ. ಹಿತ್ತಲಿಂದ ಕಣಕ್ಕೆ, ಕಣದಿಂದ ತೋಟಕ್ಕೆ ಕೂಗದೆ ದಿನ ಕಳೆಯುವುದಿಲ್ಲ. ಆಕೆ ವಾಕ್ಯದ ಹಂತಕ್ಕೆ ಬಂದ ಮೇಲೆ ಒಂದು ಬೆಳಿಗ್ಗೆ ಕಾರಿಡಾರಿನಲ್ಲಿ ನಿಲ್ಲಿಸಿದೆ. ಆ ತುದಿಯಲ್ಲಿ ನರ್ಸ್ ಬೆನ್ನು ಮಾಡಿ ನಿಂತಿದ್ದರು.

"ಅವರನ್ನ ಕೂಗಿ. 'ಅಕ್ಕಾ' ಅಂತ ಒಂದು ಸಲ. ಅವರು ತಿರುಗೋ ಹಾಗೆ."

ಆಕೆ ಬಾಯಿ ತೆರೆದಳು. ಕತ್ತಿನ ನರಗಳು ಉಬ್ಬಿದವು. ಸದ್ದು ಬರಲಿಲ್ಲ. ಎರಡೂ ಕೈ ಗಂಟಲಿಗೆ ಹೋದವು. ಉಸಿರು ಒಳಗೆ ಎಳೆದದ್ದು ಹೊರಗೆ ಬರಲೊಲ್ಲದು. ಮುಖ ಬಿಳುಚಿಕೊಂಡು ಗೋಡೆ ಹಿಡಿದು ಕುಸಿದಳು. ನರ್ಸ್ ಓಡಿ ಬಂದರು. ಆಕ್ಸಿಜನ್ ಇಟ್ಟು, ಬೆನ್ನು ಸವರಿ, ಮೂಗಿನಿಂದ ಚೂರು ಚೂರೇ ಉಸಿರೆಳೆಸಿ, ಗಂಟಲು ಬಿಡಿಸಬೇಕಾಯಿತು.

ಆ ದಿನದಿಂದ ಎಲ್ಲವೂ ಹಿಂದಕ್ಕೆ ಹೋಯಿತು. ಗುನುಗೂ ಹೋಯಿತು. ಇದುವರೆಗೆ ಸದ್ದಿದ್ದ ಕೆಮ್ಮು ಕೂಡ ಬರೀ ಗಾಳಿಯಾಯಿತು. ಅನ್ನ ಇಳಿಯದೆ ಗಂಟಲಲ್ಲಿ ನಿಲ್ಲತೊಡಗಿತು. ಮೈದುನ ನನ್ನ ಕೋಣೆಯ ಬಾಗಿಲಲ್ಲೇ ನಿಂತು, "ಇದ್ದಿದ್ದೂ ಕಿತ್ಕೊಂಡ್ರಲ್ಲ ಮೇಡಂ," ಅಂದ. ಚೀಟಿಯಲ್ಲಿ ಬರೆದುಕೊಟ್ಟ ಮುಂದಿನ ದಿನಕ್ಕೆ ಅವರು ಬರಲಿಲ್ಲ.

ಮಳೆಗಾಲ ಪೂರ್ತಿ ಆಕೆಯ ಸುದ್ದಿ ಇರಲಿಲ್ಲ. ಆಮೇಲೆ ತಿಳಿದದ್ದು, ಮೈಸೂರಿನಲ್ಲಿ ಯಾರನ್ನೋ ಕಂಡು ಬಂದರು, ಊರ ಹತ್ತಿರ ಯಾರೋ ತಾಯತ ಕಟ್ಟಿದರು, ಗಂಟಲಿಗೆ ಯಾವುದೋ ಎಲೆಯ ಪಟ್ಟು ಹಾಕಿ ಚರ್ಮ ಸುಟ್ಟುಕೊಂಡಳು ಎಂದು. ಕಾಫಿ ಹಣ್ಣಾಗಲು ಶುರುವಾದ ಮೇಲೆ ಒಂದು ಮಧ್ಯಾಹ್ನ ಅತ್ತೆ ಒಬ್ಬರೇ ಆಕೆಯನ್ನು ಬಸ್ಸಿನಲ್ಲಿ ಕರೆತಂದರು. ಕುರ್ಚಿಯಲ್ಲಿ ಕೂತವಳ ರವಿಕೆಯ ತೋಳು ಜೋತಾಡುತ್ತಿತ್ತು. ಕತ್ತಿನಲ್ಲಿ ಸುಟ್ಟ ಕಲೆ.

"ಗಂಜಿನೂ ಇಳೀತಿಲ್ಲ ಕಣಮ್ಮ," ಅಂದರು ಅತ್ತೆ. "ಅವ್ನಂತೂ ಹೋದ. ಇವ್ಳನ್ನಾದ್ರೂ ಉಳಿಸ್ಕೊಡಿ. ಚಿಕ್ಕೋನು ಬೇರೆ ಮನೆ ಮಾಡ್ಕೊಂಡವ್ನೆ. ಮನೇಲಿ ನಾನೂ ಇವ್ಳೂ ಇಬ್ರೇ. ಇವ್ಳೂ ಹೋದ್ರೆ ನಾನ್ ಯಾರಿಗೆ ಒಲೆ ಹಚ್ಲಿ?"

ಆಸ್ಪತ್ರೆಗೆ ಸೇರಿಸಿಕೊಂಡರು. ಡ್ರಿಪ್ ಹಾಕಿದರು. ಡಾಕ್ಟರು ಮತ್ತೆ ಕೊಳವೆ ಇಳಿಸಿ ಅನ್ನನಾಳದವರೆಗೆ ನೋಡಿದರು, ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲವೂ ಆಯಿತು. ಮನಸ್ಸಿನ ನೋವು ಅಂತ ತೀರ್ಮಾನಿಸಿ ಒಳಗಿನ ಗಡ್ಡೆಯನ್ನು ಕಾಣದೆ ಬಿಟ್ಟ ಪ್ರಸಂಗಗಳು ನಮ್ಮ ವೃತ್ತಿಯಲ್ಲಿ ಇಲ್ಲದಿಲ್ಲ. ಏನೂ ಸಿಗಲಿಲ್ಲ. ಸ್ನಾಯುಗಳು ಮಾತ್ರ ಮೊದಲಿಗಿಂತ ಬಿಗಿ.

ವಾರಕ್ಕೊಮ್ಮೆ ಬರುವ ಮನೋವೈದ್ಯರು ಮಾತ್ರೆ ಬರೆದರು. ಆಮೇಲೆ ನನ್ನನ್ನು ಕರೆದು ಕೇಳಿದರು: "ಎಲ್ಲಿ ನಿಂತಿತು ಅಂದ್ರಿ?"

"ಕೂಗುವ ಹಂತದಲ್ಲಿ."

"ಹಾಗಾದರೆ ಅಲ್ಲೇ ಏನೋ ಇದೆ. ನೀವಾಗಿ ಕೆದಕಬೇಡಿ. ಆದರೆ ಅವರೇ ಹೇಳಿದರೆ ಕೇಳೋಕೆ ಜಾಗ ಇರಲಿ."

ಅವತ್ತು ನಾನು ಒಂದು ನಿರ್ಧಾರ ಮಾಡಿದೆ. ದನಿಯ ಅಭ್ಯಾಸವನ್ನು ಪೂರ್ತಿ ನಿಲ್ಲಿಸುವುದು. ದನಿ ತರಿಸುವುದಕ್ಕೆಂದೇ ನನ್ನನ್ನು ಇಟ್ಟುಕೊಂಡಿರುವ ಜಾಗದಲ್ಲಿ ಇದು ಸುಲಭವಾಗಿರಲಿಲ್ಲ. ಮರುದಿನ ಆಕೆಗೆ ಹೇಳಿದೆ, "ಇನ್ಮೇಲೆ ನಾನು ನಿಮ್ಮನ್ನ ಏನೂ ಅನ್ನಿಸೋದಿಲ್ಲ. ಕತ್ತು ನೀವಿ ಕೊಡ್ತೀನಿ, ಅಷ್ಟೇ. ಸುಮ್ಮನಿರಬೇಕು ಅನ್ನಿಸಿದರೆ ಸುಮ್ಮನಿರಿ." ಆಕೆ ಬಂದಾಗಿನಿಂದ ಮೊದಲ ಸಲ ನನ್ನ ಮುಖವನ್ನು ನೇರ ನೋಡಿದಳು.

ದಿನವೂ ಒಂದು ಗಂಟೆ. ಬಿಸಿ ನೀರಿನ ಬಟ್ಟೆ ಹಿಂಡಿ ಭುಜದ ಮೇಲೆ ಹಾಕುತ್ತಿದ್ದೆ. ದವಡೆಯ ಕೆಳಗೆ, ನಾಲಿಗೆಯ ಬುಡಕ್ಕೆ, ಕತ್ತಿನ ಹಿಂದೆ ಬೆರಳು. ಆಕಳಿಕೆ ಬರಿಸಲು ಬಾಯಿ ಅಗಲಿಸುವುದು. ಬಿಸಿ ಅಂಬಲಿಯನ್ನು ಚಮಚದಲ್ಲಿ, ಗದ್ದ ತಗ್ಗಿಸಿ ನುಂಗುವುದು. ಮಾತಿಲ್ಲ. ಕಿಟಕಿಯಾಚೆ ಮಂಜು ಏರುವುದನ್ನು ಇಬ್ಬರೂ ನೋಡುತ್ತಿದ್ದೆವು. ವಾರ ಕಳೆದರೂ ಏನೂ ಬದಲಾಗಲಿಲ್ಲ. ಡಾಕ್ಟರು ವಾರ್ಡಿನಲ್ಲಿ ಎದುರಾದಾಗಲೆಲ್ಲ ಹುಬ್ಬೇರಿಸುತ್ತಿದ್ದರು. ಮೂಗಿನಿಂದ ಆಹಾರದ ನಳಿಕೆ ಹಾಕುವ ಮಾತು ಶುರುವಾಯಿತು.

ಒಂದು ದಿನ ಬೆರಳ ಕೆಳಗೆ ಏನೋ ಅದುರಿತು. ಆಕೆಯ ಗದ್ದ ನಡುಗುತ್ತಿತ್ತು. ನಾನು ಕೈ ತೆಗೆಯಲಿಲ್ಲ. ಪಿಸುಗುಟ್ಟಿದಳು. ಕಿವಿ ಹತ್ತಿರ ತಂದೆ.

"ನಾನ್ ಕೂಗ್ದೆ."

ಆಕೆ ಬಾಗಿಲ ಕಡೆ ನೋಡಿ ಮುಂದುವರಿಸಿದಳು.

"ತಿಂಡಿ ತಗೊಂಡ್ ಹೋಗಿದ್ದೆ ತೋಟಕ್ಕೆ. ರೊಟ್ಟಿ, ಹುಚ್ಚೆಳ್ಳು ಚಟ್ನಿ. ಅವ್ರು ಏಣಿ ಎತ್ತಿ ನಿಲ್ಸ್ಕೊಂಡು ಇನ್ನೊಂದ್ ಸಿಲ್ವರ್ ಮರಕ್ಕೆ ತಗೊಂಡ್ ಹೋಗ್ತಿದ್ರು. ನಾನು ಏರಿ ಮೇಲಿಂದ್ಲೇ ಕೂಗ್ದೆ. 'ರೀ, ಬನ್ರೀ, ಆರೋಯ್ತದೆ' ಅಂತ. ತಿರುಗಿದ್ರು. ನನ್ನ ನೋಡಿ ನಕ್ರು. ಅವ್ರ್ ಜೊತೆಗೆ ಏಣಿನೂ ತಿರುಗ್ತು."

ಆಮೇಲಿನದನ್ನು ಆಕೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ನಾನ್ ಕೂಗ್ದೆ ಇದ್ದಿದ್ರೆ ಅವ್ರು ಇರ್ತಿದ್ರು ಮೇಡಂ. ಯಾರ್ಗೂ ಗೊತ್ತಿಲ್ಲ. ಏಣಿ ಕೈ ಜಾರಿ ಲೈನಿಗ್ ತಾಗ್ತು ಅಂದ್ಕೊಂಡವ್ರೆ ಎಲ್ರೂ. ನನ್ ಬಾಯೇ ಅವ್ರನ್ನ ತಿಂದಿದ್ದು."

ನಿಮ್ಮ ತಪ್ಪಲ್ಲ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂತು. ತಡೆದೆ. ಅದನ್ನಾಡಿದರೆ ಆಕೆ ತಲೆಯಾಡಿಸಿ ಮತ್ತೆ ಬಾಯಿ ಮುಚ್ಚುತ್ತಾಳೆ ಎನ್ನಿಸಿತು. "ತಿರುಗಿ ನಿಮ್ಮನ್ನ ನೋಡಿದ್ರು," ಎಂದಷ್ಟೇ ಅಂದೆ. ಆಕೆಯ ಬಾಯಿ ಚೌಕವಾಗಿ ತೆರೆಯಿತು, ಎಳೆ ಮಕ್ಕಳ ಬಾಯಿ ಅಳುವ ಮೊದಲು ತೆರೆಯುವ ಹಾಗೆ. ನನ್ನ ಬೆರಳುಗಳ ನಡುವೆ ಧ್ವನಿಪೆಟ್ಟಿಗೆ ಜಾರಿ ಕೆಳಗಿಳಿಯಿತು. ಆಗ ಬಂದದ್ದು ಅಳುವಲ್ಲ, ಕೂಗು. ಕಾರಿಡಾರಿನ ಆ ತುದಿಯಿಂದ ನರ್ಸ್ ಓಡಿ ಬಂದರು. ಪಕ್ಕದ ಕೋಣೆಯ ರೋಗಿಗಳು ಎದ್ದು ನಿಂತರು. ನಾನು ಬಾಗಿಲು ಹಾಕಿದೆ.

ಅಳುವಿನ ಸದ್ದಿನಲ್ಲಿ ದನಿ ಸಿಕ್ಕಾಗ ಅದನ್ನೇ ಹಿಡಿದು ಪದಕ್ಕೆ ತಿರುಗಿಸುವುದು ನಮಗೆ ಕಲಿಸಿದ ಕ್ರಮ. ಅವತ್ತು ನಾನದನ್ನು ಮಾಡಲಿಲ್ಲ. ದನಿ ಸಿಗದಿದ್ದರೂ ಆಗಲಿ, ಆ ಅಳು ಆಕೆಗೇ ಇರಲಿ ಅನ್ನಿಸಿತು. ಸಂಜೆ ಆಕೆ ಗಂಜಿ ಕುಡಿದಳು, ನಿಲ್ಲದೆ ಇಳಿಯಿತು.

ಮುಂದಿನ ದಿನಗಳಲ್ಲಿ ಮನೋವೈದ್ಯರ ಬಳಿ ಕೂತು ಅದೇ ಬೆಳಿಗ್ಗೆಯನ್ನು ಮತ್ತೆ ಮತ್ತೆ ಹೇಳಿದಳು. ಹೇಳಿದಷ್ಟೂ ಕತ್ತು ಸಡಿಲಾಯಿತು. ದನಿ ಮೊದಲು ಒಡಕಾಗಿ, ಆಮೇಲೆ ತುಂಬಿಕೊಂಡು ಬಂತು. ಅನ್ನ ತಿಂದಳು. ಇದೆಲ್ಲ ಮಾತಿನಿಂದಲೇ ಆಯಿತು ಎಂದು ನಾನು ಹೇಳಲಾರೆ. ಮಾತ್ರೆ ಇತ್ತು, ನೀವುವ ಕೈ ಇತ್ತು, ಕಾಲ ಕಳೆದಿತ್ತು. ಆದರೆ ಬೆರಳ ಕೆಳಗೆ ಆ ಗಂಟಲು ಇಳಿದದ್ದು ಯಾವ ಮಾತಿನ ಮೇಲೆ ಎಂಬುದು ನನಗೆ ಗೊತ್ತು.

ಒಂದೇ ತೊಡಕು ಉಳಿಯಿತು. ಅತ್ತೆ ಒಳಗೆ ಬಂದ ಕೂಡಲೇ ದನಿ ಮುಚ್ಚಿಕೊಳ್ಳುತ್ತಿತ್ತು. ಆಕೆಯೇ ಕಾರಣ ಹೇಳಿದಳು: "ಅವ್ರಿಗೆ ಹೇಳ್ದೆ ಅವ್ರ್ ಮುಂದೆ ಹೆಂಗ್ ಮಾತಾಡ್ಲಿ? ಸುಳ್ಳಾಡಿದಂಗ್ ಆಯ್ತದೆ."

ಮನೋವೈದ್ಯರು ಕಾಯಲು ಹೇಳಿದರು. ಎಲ್ಲರಿಗೂ ಎಲ್ಲವನ್ನೂ ಹೇಳಲೇಬೇಕೆಂದಿಲ್ಲ, ಕೇಳುವವರ ಎದೆಗೂ ಒಂದು ಮಿತಿಯಿದೆ ಎಂದರು. ಆಕೆ ಕೇಳಿಸಿಕೊಂಡಳು. ಆದರೆ ಮನೆಗೆ ಹೋಗುವ ಹಿಂದಿನ ದಿನ, ನನ್ನ ಕೋಣೆಯಲ್ಲಿ, ನಾನೂ ಇರಬೇಕೆಂದು ಕೇಳಿಕೊಂಡು, ಹೇಳಿದಳು. ಪಿಸುಮಾತಿನಲ್ಲಿ ಶುರುವಾದದ್ದು 'ನಾನ್ ಕೂಗ್ದೆ' ಎಂಬಲ್ಲಿಗೆ ಬಂದಾಗ ಪೂರ್ತಿ ದನಿಯಾಗಿತ್ತು.

ಅತ್ತೆ ಮಡಿಲಲ್ಲಿದ್ದ ಬ್ಯಾಗಿನ ಹಿಡಿಯನ್ನು ನೋಡುತ್ತಾ ಕೂತಿದ್ದರು.

"ನೀನ್ ಕೂಗ್ದಾಗ ಅವ್ನ್ ಏನಂದ?"

"ಏನೂ ಅನ್ಲಿಲ್ಲ ಅತ್ತೆ. ನಕ್ರು."

"ನಕ್ನಾ?"

"ಹೂಂ."

ಅವರು ಎದ್ದರು. ಸೆರಗು ಸರಿ ಮಾಡಿಕೊಂಡರು. "ಬಸ್ಸಿಗೆ ಹೊತ್ತಾಯ್ತು," ಎಂದು ಯಾರಿಗೋ ಹೇಳಿದಂತೆ ಹೇಳಿ ನಡೆದುಬಿಟ್ಟರು. ಆಕೆ "ಅತ್ತೆ" ಅಂದಳು. ದನಿ ಕಾರಿಡಾರಿನ ಕೊನೆಯವರೆಗೂ ಕೇಳುವಂತಿತ್ತು. ಅವರು ತಿರುಗಲಿಲ್ಲ.

ಮಾರನೆಯ ದಿನ ಮೈದುನ ಬಂದ. ಕೈಯಲ್ಲಿ ಆಕೆಯ ಬಟ್ಟೆಬರೆಯ ಚೀಲವಿತ್ತು. ಹಿಂದಿನ ಸಿಟ್ಟು ಅವನಲ್ಲಿ ಇರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದ.

"ಅವ್ವ ಬೈತಿಲ್ಲ ಮೇಡಂ. ತಪ್ಪು ಅಂತಾನೂ ಅಂತಿಲ್ಲ. 'ಆ ದನಿ ಕೇಳಿ ತಾನೆ ನನ್ ಮಗ ತಿರುಗಿದ್ದು. ದಿನಾ ಅದನ್ನ ಕೇಳ್ಕೊಂಡು ನನ್ ಕೈಲಿ ಇರಾಕಾಗಲ್ಲ' ಅಂತವ್ಳೆ." ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ಹೇಳಿದ, "ಇನ್ನೂ ಒಂದ್ ಮಾತಂದ್ಲು. ಅದನ್ನ ಅತ್ತಿಗೆಗೆ ಹೇಳ್ಬೇಡಿ. 'ಮೂಗಿಯಾಗೇ ಇದ್ದಿದ್ರೆ ಜೊತೆಗಿಟ್ಕೊಂಡು ಸಾಕ್ತಿದ್ದೆ' ಅಂದ್ಲು."

ನಾನು ಹೇಳಲಿಲ್ಲ. ಆಕೆ ಚೀಲವನ್ನು ನೋಡಿದಳು. ಒಳಗಿದ್ದ ಸೀರೆಗಳನ್ನು ಒಂದೊಂದೇ ಮುಟ್ಟಿ ನೋಡಿ, ಮತ್ತೆ ಅದುಮಿ, ಜಿಪ್ ಎಳೆದಳು. ಮಕ್ಕಳಿರಲಿಲ್ಲ. ಸುಂಟಿಕೊಪ್ಪದ ಹತ್ತಿರ ತವರು. ಅಣ್ಣ ಬಂದು ಕರೆದುಕೊಂಡು ಹೋದ.

ನಾವು ಗಂಟಲು ಬಿಡಿಸಿದೆವು, ಅವಳ ಮನೆ ಮುಚ್ಚಿತು. ಇದನ್ನು ಮನೋವೈದ್ಯರ ಮುಂದೆ ಹೇಳಿದೆ. ಅವರು, "ಆಹಾರದ ನಳಿಕೆ ಹಾಕಿಸಿಕೊಂಡು ಆ ಮನೆಯಲ್ಲಿ ಎಷ್ಟು ದಿನ ಇರ್ತಿದ್ದರು?" ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿತ್ತು, ಸಮಾಧಾನವಿರಲಿಲ್ಲ. ಆ ಚಳಿಗಾಲದಲ್ಲಿ ರೋಗಿಗಳ ಕತ್ತಿನ ಮೇಲೆ ಬೆರಳಿಡುವಾಗಲೆಲ್ಲ ಒಂದು ಕ್ಷಣ ತಡೆಯುತ್ತಿದ್ದೆ.

ಕೊನೆಯ ತಪಾಸಣೆಗೆ ಆಕೆ ಒಬ್ಬಳೇ ಬಂದಳು. ಸುಂಟಿಕೊಪ್ಪದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಮೈ ತುಂಬಿಕೊಂಡಿತ್ತು. ಕೊಳವೆ ಇಳಿಸಿದಾಗ ಧ್ವನಿತಂತುಗಳು ಪೂರ್ತಿ ಮುಚ್ಚಿ ತೆರೆಯುತ್ತಿದ್ದವು. ಇನ್ನು ಬರಬೇಕಾಗಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು.

ನನ್ನ ಕೋಣೆಗೆ ಬಂದು ಕೂತಳು. ಅತ್ತೆಯ ಸುದ್ದಿ ಕೇಳಲೋ ಬೇಡವೋ ಎಂದು ನಾನು ಅನುಮಾನಿಸುತ್ತಿದ್ದಾಗ ತಾನೇ ಹೇಳಿದಳು.

"ಫೋನ್ ಮಾಡ್ತೀನಿ ಮೇಡಂ. ಅಂಗಡಿ ಬಾಗ್ಲು ಹಾಕಿದ್ ಮೇಲೆ."

"ಮಾತಾಡ್ತಾರಾ?"

"ಇಲ್ಲ. ಎತ್ಕೊಳ್ತಾರೆ. ಮಾತಾಡಲ್ಲ. ಕಟ್ಟೂ ಮಾಡಲ್ಲ."

"ನೀವೇನು ಹೇಳ್ತೀರಿ?"

"ಏನಿಲ್ಲ. ಬೀಪಿ ಮಾತ್ರೆ ನುಂಗಿದ್ರಾ, ಹಸ ಕರ ಹಾಕ್ತಾ, ಮೆಣಸು ಯಾರ್ ಕುಯ್ತವ್ರೆ. ಕೇಳಿ ಸ್ವಲ್ಪ ಹೊತ್ತು ಸುಮ್ನಿರ್ತೀನಿ. ಅವ್ರ್ ಉಸಿರಾಡಾದು ಕೇಳ್ತದೆ. ಮೊದ್ಮೊದ್ಲು ಬೇಗ ಇಟ್ಬಿಡ್ತಿದ್ರು. ಈಗ ನಾನ್ ಇಡೋವರ್ಗೂ ಇರ್ತಾರೆ."

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು, "ಅವ್ರ್ ಗಂಟ್ಲೂ ಹಂಗೇ ಬಿಗ್ದಿರ್ತದಾ ಮೇಡಂ?"

ಇರಬಹುದು ಅಂದೆ.

"ನೋಯ್ತದೆ ಅದು," ಅಂದಳು ಆಕೆ, ಮತ್ತು ಬಸ್‌ಸ್ಟ್ಯಾಂಡಿನ ಕಡೆಗೆ ಇಳಿದು ಹೋದಳು.